ಹದಿಮೂರು ದೀಪದ ಹರಿವಾಣ

ಹೆಣ್ಣುಮಗು ಮೈನೆರೆಯುವ ತಿಂಗಳು ಯಾವುದು ಅಂತ ಮೂರ್ನಾಲ್ಕು ವರ್ಷ ಮೊದಲೇ ಗೊತ್ತಾಗಿಬಿಟ್ಟರೆ ಲೋಕದಲ್ಲಿ ಏನೇನು ಬದಲಾದೀತು? ಇದರ ಮೇಲೆ ತಿಳಿದವರು ದೊಡ್ಡ ದೊಡ್ಡ ಭಾಷಣ ಮಾಡಿದ್ದಾರೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮೊಟ್ಟಮೊದಲು ಬದಲಾದದ್ದು ಸೀರೆ ಅಂಗಡಿಯವನ ಬೋರ್ಡು. 'ನಿಮ್ಮ ಅಕ್ಕನ ಮಗಳ ನಂಬರು ಆರಕ್ಕಿಂತ ಕಮ್ಮಿಯೇ? ಸೋದರಮಾವಂದಿರಿಗೆ ವಿಶೇಷ ರಿಯಾಯಿತಿ!' ಆಮೇಲೆ ಕಲ್ಯಾಣಮಂಟಪದವರು ಆರತಿ ಶಾಸ್ತ್ರಕ್ಕೆ ವರ್ಷ ಮೊದಲೇ ದಿನ ಗೊತ್ತು ಮಾಡಿಕೊಳ್ಳತೊಡಗಿದರು. ಅದಾದ ಮೇಲೆ, ನಲ್ಲಿ ಮುಂದೆ ಬಿಂದಿಗೆ ಇಟ್ಟುಕೊಂಡು ನಿಂತ ಹೆಂಗಸರು "ಊಟ ಆಯ್ತಾ?" ಅನ್ನುವುದು ಬಿಟ್ಟು "ನಿಮ್ ಹುಡ್ಗಿ ನಂಬರ್ ಎಷ್ಟಕ್ ಬಂತು?" ಅನ್ನತೊಡಗಿದರು.

ಆ ನಂಬರು ತೆಗೆಯುತ್ತಿದ್ದವಳು ನಾನು, ದೇವೀರಮ್ಮ. ಓದಿದ್ದು ಎಂಟನೇ ಕ್ಲಾಸು. ಹದಿನೈದು ವರ್ಷ ಮೈಸೂರಿನ ಬತ್ತಿಕೇರಿಯಲ್ಲಿ ಊದುಬತ್ತಿ ಹೊಸೆದು ಬೆರಳು ಕಪ್ಪು ಮಾಡಿಕೊಂಡವಳು. ಸೊಂಟನೋವು ಅಂತ ಆ ಕೆಲಸ ಬಿಟ್ಟು, ಮನೆಮನೆ ತಿರುಗುವ ಕೆಲಸ ಸಿಕ್ಕಿತು ಅಂತ ಮೊಗ್ಗುಕೇಂದ್ರಕ್ಕೆ ಸೇರಿಕೊಂಡರೆ ಅಲ್ಲಿ ಕೈಗೆ ಕೊಟ್ಟದ್ದೇನು? ಮತ್ತೆ ಕಡ್ಡಿ! ಬಿದಿರುಕಡ್ಡಿ ಬಿಟ್ಟು ಓಡಿಬಂದವಳಿಗೆ ಮೊಗ್ಗುಕಡ್ಡಿ ಗಂಟುಬಿತ್ತು.

ಮೊಗ್ಗುಕಡ್ಡಿ ಅಂದರೆ ಅಂಥ ಜಾದೂ ಏನಲ್ಲ. ಊದುಬತ್ತಿಯಷ್ಟೇ ಸಣ್ಣ, ಬೆರಳುದ್ದದ ಕಡ್ಡಿ. ಬೆಳಿಗ್ಗೆ ಎದ್ದಕೂಡಲೇ, ಹಲ್ಲುಜ್ಜುವ ಮೊದಲು, ಹುಡುಗಿ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ನೂರು ಎಣಿಸುವಷ್ಟು ಹೊತ್ತು. ಆಮೇಲೆ ಅದನ್ನು ನನ್ನ ಚೀಲದಲ್ಲಿರುವ ಡಬ್ಬಿಗೆ ಚುಚ್ಚಿದರೆ ಡಬ್ಬಿಯ ಮುಖದ ಮೇಲೆ ಒಂದು ನಂಬರು ಮೂಡುತ್ತದೆ. ಅಷ್ಟು ತಿಂಗಳು ಬಾಕಿ ಅಂತ ಅರ್ಥ.

ಅದು ಹೇಗೆ ಗೊತ್ತಾಗುತ್ತದೆ? ನಾನೂ ಇದನ್ನೇ ಕೇಳಿ ಕೇಳಿ ನಮ್ಮ ಡಾಕ್ಟರು ಸಬೀಹಾ ಮೇಡಂ ತಲೆ ತಿಂದಿದ್ದೇನೆ. ಅವರು ಹೇಳಿದ್ದು ಹೀಗೆ. "ದೇವೀರಮ್ಮ, ಮಿದುಳಿನ ಬುಡದಲ್ಲಿ ಒಂದು ಬಾಗಿಲಿದೆ ಅಂದ್ಕೊಳಿ. ಮಗು ಹುಟ್ಟಿದಾಗಿನಿಂದ ಮುಚ್ಚಿರತ್ತೆ. ಕಾಲ ಹತ್ರ ಬಂದಾಗ ನಿದ್ದೆಯಲ್ಲಿ ಒಳಗಿಂದ ಯಾರೋ ಮೆಲ್ಲಗೆ ಅದನ್ನ ತಟ್ತಾರೆ. ಮೊದಲು ಅಪರೂಪಕ್ಕೊಂದ್ಸಲ, ಆಮೇಲೆ ದಿನಾ, ಆಮೇಲೆ ಗಂಟೆಗೊಂದ್ಸಲ. ಆ ತಟ್ಟಿದ ಗುರುತು ಬೆಳಗಿನ ಎಂಜಲಲ್ಲಿ ಇರತ್ತೆ. ನಮ್ಮ ಕಡ್ಡಿ ಅದನ್ನ ಎಣಿಸತ್ತೆ, ಅಷ್ಟೇ."

"ತಟ್ಟೋದು ನಿಲ್ಸಕ್ಕಾಗಲ್ವಾ ಮೇಡಂ?"

"ನಂಬರು ಮೂರಕ್ಕಿಂತ ಮೇಲಿದ್ರೆ, ತಟ್ಟಿಸ್ತಿರೋದು ಏನು ಅಂತ ಗೊತ್ತಾದ್ರೆ, ನಿಲ್ಲಬಹುದು. ಮೂರಕ್ಕೆ ಇಳಿದ್ರೆ ಅಗುಳಿ ಸರಿದ ಹಾಗೆ. ಆಮೇಲೆ ತಾನಾಗಿ ಮುಚ್ಚಲ್ಲ. ತಿಂಗಳು ತಿಂಗಳು ಇಂಜೆಕ್ಷನ್ ಕೊಟ್ಟು ಬೀಗ ಹಾಕ್ಬೇಕು, ವರ್ಷಗಟ್ಟಲೆ."

ಈ ಕಡ್ಡಿ ಬಂದ ಮೇಲೆ ಒಂದು ಒಳ್ಳೆಯದಾಯಿತು. ತಾಯಂದಿರು ಹೆಣ್ಣುಮಕ್ಕಳಿಗೆ ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳತೊಡಗಿದರು. ನನ್ನ ಕಾಲದಲ್ಲಿ ನಾನು ಸತ್ತೇ ಹೋಗುತ್ತೇನೆ ಅಂತ ಹಿತ್ತಲಲ್ಲಿ ಕೂತು ಅತ್ತಿದ್ದೆ. ಈಗಿನ ಹುಡುಗಿಯರು ಹಾಗೆ ಅಳುವುದಿಲ್ಲ. ಆದರೆ ಒಂದು ಕೆಟ್ಟದ್ದೂ ಆಯಿತು, ಅದೂ ನಮ್ಮ ಕೇರಿಗೇ.

ಕೇಂದ್ರದ ಗೋಡೆಯ ಮೇಲೆ ಊರಿನ ದೊಡ್ಡ ನಕ್ಷೆಯಿತ್ತು. ಒಂದೊಂದು ಬೀದಿಗೆ ಒಂದೊಂದು ಪುಟ್ಟ ದೀಪ. ಆ ಬೀದಿಯ ಹುಡುಗಿಯರು ಹನ್ನೊಂದು, ಹನ್ನೆರಡು ವಯಸ್ಸಿಗೆ ದೊಡ್ಡವರಾಗುವುದಾದರೆ ಹಸಿರು. ಊರಿಗೆ ಊರೇ ಹಸಿರು. ನಡುವೆ ಒಂದೇ ಒಂದು ಕೆಂಪು ಚುಕ್ಕಿ, ಹಣೆಗಿಟ್ಟ ಹಾಗೆ. ಅದು ಬತ್ತಿಕೇರಿ. ನಮ್ಮಲ್ಲಿ ಎಂಟೂವರೆ, ಒಂಬತ್ತು. ಹಲ್ಲು ಬೀಳುವುದು ಇನ್ನೂ ಮುಗಿಯದ ಕೂಸುಗಳು!

ಸುದ್ದಿ ಹೊರಗೆ ಬಿದ್ದದ್ದೇ ತಡ, ಊರವರು ನಮಗೆ 'ಅವಸರದ ಕೇರಿ' ಅಂತ ಹೆಸರಿಟ್ಟರು. ಕೋಳಿ ತಿಂತಾರೆ ಅದಕ್ಕೆ ಅಂದರು, ಮೊಬೈಲು ನೋಡ್ತಾರೆ ಅದಕ್ಕೆ ಅಂದರು. ಇನ್ನು ಕೆಲವರು ಏನಂದರು ಅನ್ನುವುದನ್ನು ಬರೆಯಲಾರೆ, ಎಂಟು ವರ್ಷದ ಮಕ್ಕಳ ಬಗ್ಗೆ ಆಡುವ ಮಾತಲ್ಲ ಅದು. ಕೇಂದ್ರದವರು ನಮ್ಮ ನೀರು ಪರೀಕ್ಷೆ ಮಾಡಿದರು, ಹಾಲು, ಮೊಟ್ಟೆ, ಕೋಳಿ, ಗಾಳಿ, ಎಲ್ಲ ಮಾಡಿದರು. ಪಕ್ಕದ ಬೀದಿಗೂ ಅದೇ ನೀರು, ಅದೇ ಕೋಳಿ. ಏನೂ ಸಿಗಲಿಲ್ಲ.

ಆ ಕೇರಿಯ ಮೂರನೇ ಮನೆ ಮಾದೇವಿಯದು. ಮಾದೇವಿ ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುವುದು ಕಲಿತವಳು. ಗಂಡ ಲಗೇಜ್ ಆಟೊ ಓಡಿಸುತ್ತಾನೆ. ಅತ್ತೆ ಜವರಮ್ಮ ನಮ್ಮ ಕೇರಿಯ ಸೋಬಾನೆ ಹಾಡುವ ಅಜ್ಜಿ. ಯಾರ ಮನೆಯಲ್ಲಿ ಹುಡುಗಿ ದೊಡ್ಡವಳಾದರೂ ಆರತಿ ಎತ್ತಲು ಜವರಮ್ಮನೇ ಬರಬೇಕು, ಅವಳ ಹಿತ್ತಾಳೆ ಹರಿವಾಣವೇ ಬರಬೇಕು. ಮಾದೇವಿಗೆ ಇಬ್ಬರು ಹೆಣ್ಣುಮಕ್ಕಳು, ಅವಳಿಜವಳಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಆದರೂ ಅವರನ್ನು ಗುರುತು ಹಿಡಿಯಲು ಯಾರಿಗೂ ಕಷ್ಟವಿರಲಿಲ್ಲ. ಸಿಂಚನಾಳಿಗೆ ಸೊಂಟದವರೆಗೆ ಬರುವ ಎರಡು ಜಡೆ. ಮಾದೇಶಿಗೆ ಬೋಳುತಲೆ.

ಬೋಳು ಯಾಕೆ ಅಂದರೆ, ಹುಟ್ಟಿದಾಗ ಮಾದೇಶಿ ಉಳಿಯುವ ಹಾಗಿರಲಿಲ್ಲ. ಉಳಿದರೆ ಒಂಬತ್ತು ತುಂಬುವವರೆಗೆ ಎರಡು ತಿಂಗಳಿಗೊಮ್ಮೆ, ಅಮಾವಾಸ್ಯೆಗೆ, ಮಾದಪ್ಪನ ಬೆಟ್ಟಕ್ಕೆ ಬಂದು ಇವಳ ಮುಡಿ ಕೊಡುತ್ತೇನೆ ಅಂತ ಮಾದೇವಿ ಹರಕೆ ಹೊತ್ತಿದ್ದಳು. ಮಗು ಉಳಿಯಿತು, ಕೂದಲು ಹೋಯಿತು.

ಆಷಾಢದ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಸಿಂಚನಾ ಕಡ್ಡಿ ಬಾಯಲ್ಲಿಟ್ಟುಕೊಂಡು ಬೆರಳು ಮಡಿಸುತ್ತ ನೂರು ಎಣಿಸಿದಳು. ಡಬ್ಬಿಯಲ್ಲಿ ಮೂಡಿದ್ದು ಆರು.

ಮಾದೇವಿಯ ಮುಖ ಬೂದಿಯಾಯಿತು. "ಅಕ್ಕ, ಹೋದ್ಸಲ ಇಪ್ಪತ್ತಿತ್ತಲ್ಲ! ಇವಳಿನ್ನೂ ಎಂಟು ವರ್ಷದ ಕೂಸು. ಸ್ಲೇಟು ಹಿಡಿಯೋ ಕೈಗೆ ಏನ್ ಹೇಳ್ಕೊಡ್ಲಿ ನಾನು?"

ಸಿಂಚನಾ ಬೇರೆಯೇ ಲೆಕ್ಕದಲ್ಲಿದ್ದಳು. ಆ ಹುಡುಗಿ ಎದುರಿನ ಮೈದಾನದಲ್ಲಿ ಖೊಖೊ ಆಡುತ್ತಿದ್ದಳು, ಗಾಳಿಯ ಹಾಗೆ. "ಕಡ್ಡಿ ಆಂಟಿ, ದೊಡ್ಡವಳಾದ್ರೆ ಮೈದಾನಕ್ ಹೋಗಂಗಿಲ್ಲ ಅಂತಾರೆ ಅಮ್ಮ. ಎತ್ತರಾನೂ ನಿಂತೋಗತ್ತಂತೆ. ನಂಗೆ ಓಡ್ಬಂದು ಕಂಬ ಹಿಡ್ಕೊಂಡ್ ಹಾರಕ್ಕೆ ಇನ್ನೂ ಉದ್ದ ಕೈ ಬೇಕು ಆಂಟಿ. ಆರು ತಿಂಗಳಲ್ಲಿ ಎಷ್ಟ್ ಬೆಳೀಬಹುದು?"

ಅವಸರದಲ್ಲಿ ಎಲುಬು ಬಲಿತರೆ ಎತ್ತರ ಅಲ್ಲಿಗೇ ನಿಲ್ಲುತ್ತದೆ ಅನ್ನುವುದು ನಿಜ. ಎತ್ತರ ಒಂದೇ ಅಲ್ಲ, ಮುಂದೆ ಕಾಯಿಲೆ ಕಸಾಲೆಗೂ ಅದು ದಾರಿ.

ಜವರಮ್ಮ ಮೂಲೆಯಲ್ಲಿ ಕೂತು ಹರಿವಾಣಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದಳು. "ನೋಡ್ಲೇ ದೇವೀರಿ" ಅಂತ ಅದನ್ನು ಎತ್ತಿ ತೋರಿಸಿದಳು. ಅಂಚಿನ ಸುತ್ತ ಹದಿನಾರು ಪುಟ್ಟ ಬಟ್ಟಲು. ಹುಡುಗಿಗೆ ಎಷ್ಟು ವರ್ಷವೋ ಅಷ್ಟು ಬಟ್ಟಲಿಗೆ ಎಣ್ಣೆ ಬತ್ತಿ ಹಾಕಿ ದೀಪ ಹಚ್ಚುವುದು ನಮ್ಮ ಕೇರಿಯ ಪದ್ಧತಿ. "ನನ್ ಆರತೀಲಿ ಹದಿನೈದ್ ದೀಪ. ನಿಂಗೆ ಹದಿಮೂರು, ಹೌದಾ ಅಲ್ವಾ? ಇವಳು ಮಾದೇವಿಗೆ ಹನ್ನೆರಡು ಅಂತ ಅವ್ರಮ್ಮ ಹೇಳವ್ಳೆ. ನಿಧಾನಕ್ ಇಳೀತಿತ್ತು, ಇಳೀಲಿ ಬುಡು, ಹೊಟ್ಟೆತುಂಬ ಅನ್ನ ತಿನ್ನೋ ಕಾಲ ಅಂದ್ಕೊಂಡೆ. ಈ ಐದಾರ್ ವರ್ಷದಿಂದ ನೋಡು. ಹತ್ತು, ಒಂಬತ್ತು, ಒಂಬತ್ತು, ಎಂಟು! ಅರ್ಧ ಹರಿವಾಣ ಕತ್ಲೆ. ಎತ್ತಿ ಹಿಡುದ್ರೆ ಒಂದ್ ಕಡೆಗೆ ವಾಲತ್ತೆ ಕಣೇ. ಹಾಡಕ್ ಬಾಯೇ ಬರಲ್ಲ."

ನಾವು ಹೀಗೆ ಮಾತಾಡುತ್ತಿರುವಾಗ ಹಿಂದಿನಿಂದ ನನ್ನ ಚೀಲ ಸರಕ್ಕೆಂದಿತು. ತಿರುಗಿ ನೋಡಿದರೆ ಮಾದೇಶಿ! ಹೊಸ ಕಡ್ಡಿಯೊಂದನ್ನು ಸುಲಿದು ನಾಲಿಗೆಯ ಕೆಳಗೆ ಇಟ್ಟುಕೊಂಡು, ಎರಡು ಕೈಯಿಂದಲೂ ಬಾಯಿ ಮುಚ್ಚಿ, ಕಣ್ಣು ಅರಳಿಸಿ ನಿಂತಿದ್ದಳು.

"ಅಯ್ಯೋ ತೆಗಿಯೇ! ಹರಕೆ ಮಗು ನೀನು!" ಅಂತ ಮಾದೇವಿ ಓಡಿಬಂದಳು. ಹರಕೆ ತೀರುವವರೆಗೆ ಅವಳು ಮಾದಪ್ಪನ ಮಗು, ಮಾದಪ್ಪನ ಮಗುವಿಗೆ ಮನುಷ್ಯರು ಲೆಕ್ಕ ಹಾಕಬಾರದು ಅಂತ ಹೇಳಿ ಎರಡು ವರ್ಷದಿಂದ ಮಾದೇಶಿಗೆ ಕಡ್ಡಿ ಇಡಲು ಬಿಟ್ಟಿರಲಿಲ್ಲ. ನಾನೂ ಒತ್ತಾಯ ಮಾಡಿರಲಿಲ್ಲ. ಅವಳಿಜವಳಿ ತಾನೇ, ಒಬ್ಬಳದು ಗೊತ್ತಾದರೆ ಇನ್ನೊಬ್ಬಳದೂ ಅದೇ ಅಂತ ಬಿಟ್ಟಿದ್ದೆ. ಅದು ನನ್ನ ತಪ್ಪು. ಬರೆದಿಟ್ಟೇ ಹೇಳುತ್ತೇನೆ.

ಮಾದೇಶಿ ಅಂಗಳದಲ್ಲಿ ಮೂರು ಸುತ್ತು ತಪ್ಪಿಸಿಕೊಂಡು ಓಡಿ, ನೂರು ಎಣಿಸಿದ ಮೇಲೆಯೇ ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು. "ಅವಳಿಗ್ ಮಾತ್ರ ನಂಬರು, ನಂಗಿಲ್ವಾ? ನಂಗೂ ನಂಬರ್ ಬೇಕು!"

ಡಬ್ಬಿಯಲ್ಲಿ ಮೂಡಿದ್ದು ನಲವತ್ತೊಂದು.

"ಹೇ, ನಂದು ಜಾಸ್ತಿ! ನಾನು ಗೆದ್ದೆ!" ಅಂತ ಅವಳು ಕುಣಿದಳು. ನಾನು ಡಬ್ಬಿಯನ್ನು ಎರಡು ಸಲ ಕುಟ್ಟಿ ನೋಡಿದೆ.

ಕೇಂದ್ರದಲ್ಲಿ ಸಬೀಹಾ ಮೇಡಂ ಕನ್ನಡಕ ಹಣೆಗೆ ಏರಿಸಿ, "ದೇವೀರಮ್ಮ, ಕಡ್ಡಿ ಅದಲು ಬದಲಾಗಿದೆ. ಪಕ್ಕದ ಬೀದಿ ಹುಡುಗೀದು ಸೇರ್ಕೊಂಡಿದೆ" ಅಂದರು.

"ಇಲ್ಲ ಮೇಡಂ. ನನ್ ಕಣ್ಮುಂದೇನೇ ಬಾಯಲ್ಲಿ ಇಟ್ಕೊಂಡಿದ್ದು. ಇನ್ನೆರಡು ಸಲ ತೆಗೆದೆ. ಹರಕೆ ಮುರಿದಾಯ್ತಲ್ಲ ಅಂತ ಅವ್ರಮ್ಮ ತಪ್ಪುಕಾಣಿಕೆ ತೆಗ್ದಿಟ್ಟು ಒಪ್ಕೊಂಡ್ಲು. ನಲವತ್ತು, ನಲವತ್ತೊಂದು."

ಮೇಡಂ ಕುರ್ಚಿಯಿಂದ ಎದ್ದು ನಿಂತರು. "ಒಂದೇ ಮೊಟ್ಟೆಯಿಂದ ಹುಟ್ಟಿದ ಮಕ್ಕಳು. ಒಂದೇ ಮನೆ, ಒಂದೇ ತಟ್ಟೆ, ಒಂದೇ ಚಾಪೆ. ಒಬ್ಬಳಿಗೆ ಆರು, ಒಬ್ಬಳಿಗೆ ನಲವತ್ತೊಂದು. ಅಂದ್ರೆ ಕೋಳೀನೂ ಅಲ್ಲ, ನೀರೂ ಅಲ್ಲ, ರಕ್ತದಲ್ಲಿ ಬಂದದ್ದೂ ಅಲ್ಲ. ಒಬ್ಬಳನ್ನ ಮುಟ್ಟಿ ಇನ್ನೊಬ್ಬಳನ್ನ ಮುಟ್ಟದೇ ಇರೋದು ಏನೋ ಆ ಮನೇಲಿ ಇದೆ. ಏನದು?"

"ಅವಳಿಗೆ ಕೂದ್ಲಿಲ್ಲ ಮೇಡಂ. ಅದೊಂದೇ ವ್ಯತ್ಯಾಸ."

ಮೇಡಂ ನಾವು ಮನೆಮನೆಯಲ್ಲಿ ಕೇಳಿ ತುಂಬಿದ್ದ ಹಳೆಯ ಪ್ರಶ್ನೆಪಟ್ಟಿ ತೆಗೆದು ಹದಿನಾಲ್ಕನೇ ಪ್ರಶ್ನೆ ನೋಡಿದರು. 'ತಲೆಗೆ ಯಾವ ಎಣ್ಣೆ ಹಚ್ಚುತ್ತೀರಿ?' ಇಪ್ಪತ್ತಮೂರು ಹುಡುಗಿಯರ ಮನೆಯಲ್ಲೂ ಒಂದೇ ಉತ್ತರ, ಕೊಬ್ಬರಿ ಎಣ್ಣೆ. ಎಲ್ಲ ನಾನೇ ಬರೆದುಕೊಂಡದ್ದು. ಮನೆಮನೆಯ ಎಣ್ಣೆಯನ್ನೂ ಪರೀಕ್ಷೆ ಮಾಡಿದ್ದಾಗಿತ್ತು, ಶುದ್ಧ ಕೊಬ್ಬರಿ.

"ಮೇಡಂ, ಪ್ರಶ್ನೆ ಕೇಳಿದ್ದು ಸಾಕು. ನಾನು ನಾಳೆ ಹೋಗಿ ಸುಮ್ನೆ ಅವಳ ಜೊತೆ ಕೂತ್ಕೊಂಡು ಬತ್ತಿ ಕೆಲ್ಸ ಮಾಡ್ತೀನಿ" ಅಂದೆ.

ಬತ್ತಿ ಕೆಲಸ ನನ್ನ ಕಾಲದ ಹಾಗೆ ಉಳಿದಿರಲಿಲ್ಲ. ನಾವು ಬರೀ ಕರಿಬತ್ತಿ ಹೊಸೆದು ಕಾರ್ಖಾನೆಗೆ ಕೊಡುತ್ತಿದ್ದೆವು, ಪರಿಮಳಕ್ಕೆ ಅದ್ದುವುದು ಅವರ ಕೆಲಸ. ಏಳು ವರ್ಷದ ಹಿಂದೆ ಕಾರ್ಖಾನೆಯವರು ಅದ್ದುವ ಹಜಾರ ಮುಚ್ಚಿ ಆ ಕೆಲಸವನ್ನೂ ಮನೆಗಳಿಗೆ ಕೊಟ್ಟುಬಿಟ್ಟಿದ್ದರು. ಕೈಗವಸು ಕೊಟ್ಟರು, ಅಂಗಳದಲ್ಲೇ ಅದ್ದಿ ಅಂತ ತಾಕೀತು ಮಾಡಿದರು. ಹೆಂಗಸರೂ ಹಾಗೆಯೇ ಮಾಡುತ್ತಿದ್ದರು, ಅದರಲ್ಲಿ ಮೋಸವಿಲ್ಲ. ಸಂಪಿಗೆ ಪರಿಮಳವನ್ನು ಒಂದು ತೆಳು ಎಣ್ಣೆಯಲ್ಲಿ ಕಲಸಿ ಕ್ಯಾನಿನಲ್ಲಿ ಕಳಿಸುತ್ತಿದ್ದರು. ಪರಿಮಳ ಹಾರಿಹೋಗದ ಹಾಗೆ ಹಿಡಿದಿಟ್ಟುಕೊಳ್ಳುವುದು ಆ ಎಣ್ಣೆಯ ಕೆಲಸ. ಅದಕ್ಕೆ ಕೇರಿಯವರು ಇಟ್ಟ ಹೆಸರು ಹಿಡಿಯೆಣ್ಣೆ.

ದಿನವಿಡೀ ಮಾದೇವಿಯ ಜೊತೆ ಕೂತು ಕಟ್ಟು ಕಟ್ಟು ಬತ್ತಿ ಅದ್ದಿದೆ. ಹಳೇ ದಿನಗಳ ಹಾಗೆ ಅವರಿವರ ಮನೆ ಸುದ್ದಿ ಆಡಿದೆವು. ಪಕ್ಕದ ಮನೆಯ ಮೆಹರಾಜ್ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಏನ್ ದೇವೀರಕ್ಕ, ಆಫೀಸರಮ್ಮ ಮತ್ತೆ ಬತ್ತಿಗೆ ಬಂದ್ರು? ಕೆಲ್ಸದಿಂದ ತೆಗ್ದಾಕ್ಬಿಟ್ರಾ?" ಅಂತ ನಗಾಡಿದಳು. ನಾನು ಮೂಲೆಮೂಲೆ ನೋಡುತ್ತಲೇ ಇದ್ದೆ. ಏನೂ ಕಾಣಲಿಲ್ಲ.

ಸಂಜೆ ನಾಲ್ಕೂವರೆಗೆ ಕೊನೆಯ ಕಟ್ಟು ಮುಗಿಯಿತು. ಮಕ್ಕಳು ಶಾಲೆಯಿಂದ ಬಂದರು. ಮಾದೇವಿ ಕೈಗವಸು ಕಳಚಿಟ್ಟಳು. ಟ್ರೇಯ ತಳದಲ್ಲಿ ಒಂದಿಷ್ಟು ಜಿಡ್ಡು ಉಳಿದಿತ್ತು, ಇನ್ನೊಂದು ಬತ್ತಿ ಅದ್ದುವಷ್ಟೂ ಇಲ್ಲ. ಅದನ್ನು ಬರಿ ಅಂಗೈಯಲ್ಲಿ ಸವರಿ ಒರೆಸಿಕೊಂಡು, ಕರೆದಳು.

"ಬಾರೆ ಸಿಂಚು, ಜಡೆ ಬಿಚ್ಚು."

ಸಿಂಚನಾ ಓಡಿಬಂದು ಅಮ್ಮನ ಮೊಣಕಾಲ ನಡುವೆ ಕೂತಳು. ಮಾದೇವಿ ಆ ಅಂಗೈಯನ್ನು ಮಗಳ ನೆತ್ತಿಗೆ ಹಚ್ಚಿ, ಬೈತಲೆಯಿಂದ ಜಡೆಯ ತುದಿಯವರೆಗೂ ತಿಕ್ಕಿದಳು. ಅಂಗಳವೆಲ್ಲ ಸಂಪಿಗೆಯ ಘಮ. ಮಾದೇಶಿಯೂ ಬಂದು ಬೋಳುತಲೆ ಬಗ್ಗಿಸಿದಳು.

"ನಿಂಗ್ಯಾಕೇ ಬೋಡಿ? ನಿಂಗೆ ಮಾದಪ್ಪನ ವಿಭೂತಿ ಸಾಕು, ನಡಿ" ಅಂತ ಮಾದೇವಿ ಅವಳ ತಲೆಗೆ ಮೆಲ್ಲಗೆ ಮೊಟಕಿ ಕಳಿಸಿದಳು.

ಕಾಂಪೌಂಡಿನ ಆಚೆ ಮೆಹರಾಜ್ ತನ್ನ ಮಗಳನ್ನು ಕೂರಿಸಿಕೊಂಡು ಅದನ್ನೇ ಮಾಡುತ್ತಿದ್ದಳು. ಎದುರು ಮನೆಯಲ್ಲೂ ಅದೇ. ಕೇರಿಗೆ ಕೇರಿಯೇ ಬಾಗಿಲಲ್ಲಿ ಕೂತು ಹೆಣ್ಣುಮಕ್ಕಳ ತಲೆ ಸವರುತ್ತಿತ್ತು. ದಿನಾ ಈ ಹೊತ್ತಿಗೆ ನಾನು ಕೇಂದ್ರದಲ್ಲಿ ಲೆಕ್ಕ ಬರೆಯುತ್ತ ಕೂತಿರುತ್ತಿದ್ದೆ, ಕಂಡಿರಲಿಲ್ಲ.

ನಾನು ಮಾದೇವಿಯ ಕೈ ಹಿಡಿದು ನಿಲ್ಲಿಸಿದೆ. "ಮಾದೇವಿ, ತಲೆಗೆ ಯಾವ ಎಣ್ಣೆ ಹಚ್ತೀಯ ಅಂತ ಕೇಳ್ದಾಗ ಕೊಬ್ರಿ ಎಣ್ಣೆ ಅಂದಿದ್ಯಲ್ಲೇ?"

"ಹೌದಕ್ಕ. ಭಾನುವಾರ ಭಾನುವಾರ ಕೊಬ್ರಿ ಎಣ್ಣೇನೇ."

"ಮತ್ತೆ ಇದೇನು?"

"ಇದಾ? ಇದೆಲ್ಲಿ ಎಣ್ಣೆ ಹಚ್ಚದು? ಟ್ರೇ ಒರೆಸೋದು. ವಾಸನೆ ಚೆನ್ನಾಗಿದೆ, ಚೆಲ್ಲೋಕ್ ಮನಸ್ ಬರಲ್ಲ. ನಮ್ ಹೆಣ್ಮಕ್ಕಳು ಶಾಲೇಲಿ ಕೂತ್ರೆ ಸಂಪಿಗೆ ಗಿಡ ಕೂತಂಗಿರ್ತದೆ ಅಂತಾರಕ್ಕ ಮೇಷ್ಟ್ರು!" ಅಂತ ಹೆಮ್ಮೆಯಿಂದ ನಕ್ಕಳು.

ನಾನು ಕತ್ತರಿ ಕೇಳಿ ಸಿಂಚನಾಳ ಜಡೆಯ ತುದಿ ಒಂದು ಬೆರಳಷ್ಟು ಕತ್ತರಿಸಿಕೊಂಡು, ಕೈ ಕೂಡ ತೊಳೆಯದೆ, ಆಟೊ ಹತ್ತಿದೆ.

ಮಾರನೇ ದಿನ ಮಧ್ಯಾಹ್ನಕ್ಕೆ ಫಲಿತಾಂಶ ಬಂತು. ಹಿಡಿಯೆಣ್ಣೆಯಲ್ಲಿದ್ದ ಒಂದು ರಸಾಯನ ನಮ್ಮ ಮೈ ತಾನೇ ತಯಾರಿಸುವ ಸಂದೇಶದ ಹಾಗೆಯೇ ವೇಷ ಹಾಕುತ್ತದಂತೆ. ಮೇಡಂ ಮಾತಲ್ಲಿ ಹೇಳುವುದಾದರೆ ಕಳ್ಳ ಅಂಚೆಯವನು. ನೆತ್ತಿಯ ಎಳೇ ಚರ್ಮದಿಂದ ಒಳಗೆ ಇಳಿದು, ಹೋಗಿ ಬಾಗಿಲು ತಟ್ಟುತ್ತಾನೆ, 'ಹೊತ್ತಾಯ್ತು, ಎದ್ದೇಳಿ' ಅಂತ. ಕೂದಲು ಬತ್ತಿಯ ಹಾಗೆಯೇ ಅದನ್ನು ಹೀರಿ ಹಿಡಿದಿಟ್ಟುಕೊಂಡು ಹಗಲೂ ಇರುಳೂ ನೆತ್ತಿಗೆ ಉಣಿಸುತ್ತಿತ್ತು. ಕಾರ್ಖಾನೆಯಲ್ಲಿ ಅದ್ದುತ್ತಿದ್ದ ಕಾಲದಲ್ಲಿ ಅದು ಯಾವ ಮಗುವಿನ ತಲೆಗೂ ಬರುವ ದಾರಿಯೇ ಇರಲಿಲ್ಲ. ಎಲ್ಲ ಪರೀಕ್ಷೆಗೂ ಸಿಗದೆ ತಪ್ಪಿಸಿಕೊಂಡದ್ದು ತಾಯಂದಿರ ಅಂಗೈಯಲ್ಲಿ ಕೂತಿತ್ತು.

"ತೊಳೆದ್ರೆ ಹೋಗಲ್ವಾ ಮೇಡಂ?"

"ಹತ್ತು ಸಲ ತೊಳೆದು ನೋಡಿದೆ. ಹಿಡ್ಕೊಳ್ಳೋದಕ್ಕೇ ಹುಟ್ಟಿದ ಎಣ್ಣೆ ದೇವೀರಮ್ಮ, ಅಷ್ಟು ಸುಲಭಕ್ಕೆ ಬಿಡಲ್ಲ. ಕೂದಲೇ ಹೋಗ್ಬೇಕು. ಸಿಂಚನಾ ನಂಬರು ಎಷ್ಟಿದೆ ಇವತ್ತು?"

"ಐದು."

"ಮೂರಕ್ಕೆ ಇಳಿಯೋ ಮೊದ್ಲು ಆಗ್ಬೇಕು" ಅಂದರು.

ಮಾದೇವಿಗೆ ಹೇಳುವುದಿತ್ತಲ್ಲ, ಅದು ನನ್ನ ಬದುಕಿನ ಅತಿ ಕಷ್ಟದ ಕೆಲಸ. ಕೇಳಿದವಳು ತನ್ನ ಎರಡೂ ಅಂಗೈ ಬಿಚ್ಚಿ ನೋಡಿಕೊಳ್ಳುತ್ತ ಕೂತಳು. "ನಾನಾ? ನನ್ ಕೈಯಿಂದಾನಾ ಅಕ್ಕ?"

ಜವರಮ್ಮ ಗದರಿದಳು. "ಸುಮ್ಕಿರೇ! ಕ್ಯಾನ್ ಮೇಲೆ ಬರ್ದಿದ್ರಾ ಮಕ್ಕಳಿಗೆ ಆಗಲ್ಲ ಅಂತ? ಬರ್ದಿದ್ರೆ ಹಚ್ತಿದ್ಯಾ? ನಿನ್ನ ಜಾಗ್ದಲ್ ನಾನಿದ್ರೂ ಹಚ್ತಿದ್ದೆ. ಅಳೋದ್ ಆಮೇಲ್ ಅಳುವೆಯಂತೆ, ಎದ್ದು ಕ್ಷೌರದ ಮುನಿಸ್ವಾಮಿಗೆ ಹೇಳ್ಕಳ್ಸು."

ಆದರೆ ಸಿಂಚನಾ ಒಪ್ಪಬೇಕಲ್ಲ! ಎರಡು ಜಡೆಯನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡು ಬಚ್ಚಲುಮನೆಗೆ ಹೋಗಿ ಅಗುಳಿ ಹಾಕಿಕೊಂಡಳು. ಒಳಗಿಂದ ಒಂದೇ ಕೂಗು. "ನಾನ್ ಬೋಡಿ ಆಗಲ್ಲ! ಎಲ್ರೂ ನಗ್ತಾರೆ!" ಅವರಮ್ಮ ಕರೆದಳು, ಅಪ್ಪ ಆಟೊ ನಿಲ್ಲಿಸಿ ಬಂದು ಕರೆದ. ನಾನು ಕಳ್ಳ ಅಂಚೆಯವನ ಕತೆ ಹೇಳಿದೆ. ಊಹೂಂ.

ಕೊನೆಗೆ ಮಾದೇಶಿ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. "ಲೇ ಸಿಂಚು, ಖೊಖೊಲಿ ನಿನ್ನ ಔಟ್ ಮಾಡ್ತಾರಲ್ಲ, ಹೆಂಗೆ?"

ಒಳಗಿಂದ ಸಣ್ಣ ದನಿ. "ಜಡೆ ಹಿಡ್ಕೊಂಡು."

"ನನ್ನ ಯಾವತ್ತಾದ್ರೂ ಹಿಡ್ದಿದಾರಾ?"

ಅಗುಳಿ ಸರಿಯಿತು.

ಭಾನುವಾರ ಬೆಳಿಗ್ಗೆ ಕೇರಿಯ ನಡುವಿನ ಹೊಂಗೆಮರದ ಕೆಳಗೆ ಮುನಿಸ್ವಾಮಿ ಸ್ಟೂಲು ಹಾಕಿದ. ಅಷ್ಟರಲ್ಲಿ ಸುದ್ದಿ ಮನೆಮನೆಗೂ ಮುಟ್ಟಿತ್ತು. ನಂಬದವರಿಗೆ ನಾನು ಅವಳಿಮಕ್ಕಳ ಎರಡು ನಂಬರು ಹೇಳಿದೆ, ಅಷ್ಟೇ. ಆರು ಮತ್ತು ನಲವತ್ತೊಂದು. ಅದಕ್ಕಿಂತ ದೊಡ್ಡ ಭಾಷಣ ಬೇಕಿರಲಿಲ್ಲ. ಸಿಂಚನಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಳು. ಮಾದೇಶಿ ಅವಳ ಕೈ ಹಿಡಿದುಕೊಂಡಿದ್ದಳು. ಎರಡು ಜಡೆ ಮಡಿಲಿಗೆ ಬಿದ್ದವು. ಬಿದ್ದಾಗಲೂ ಘಮಘಮ ಅನ್ನುತ್ತಿದ್ದವು, ಹಾಳಾದವು!

ಎರಡನೆಯವಳಾಗಿ ಮೆಹರಾಜ್ ತನ್ನ ಮಗಳನ್ನು ಎತ್ತಿ ತಂದು ಕೂರಿಸಿದಳು. "ನಮ್ಮಲ್ಲಿ ಮುಡಿ ಹರಕೆ ಇಲ್ಲಪ್ಪ. ಆದ್ರೆ ಕೂದ್ಲು ಎಲ್ಲರದ್ದೂ ಒಂದೇ ತರ ಬೆಳೀತದೆ. ಹಾಕು ಮುನಿಸ್ವಾಮಿ ಮಿಷಿನ್ನು!"

ಮೂರು, ನಾಲ್ಕು, ಹತ್ತು, ಹದಿನೆಂಟು. ಇಪ್ಪತ್ತೆರಡು ಮಕ್ಕಳಾದರು. ಇಪ್ಪತ್ತಮೂರನೆಯವಳು ಮಾದೇಶಿ, ಹುಟ್ಟಾ ಬೋಡಿ. ಕೊನೆಗೆ ಜವರಮ್ಮ ತನ್ನ ಬೆಳ್ಳಿತುರುಬು ಬಿಚ್ಚಿ ಸ್ಟೂಲಿನ ಮೇಲೆ ಕೂತಳು.

"ಅಜ್ಜಿ, ನಿಂಗ್ಯಾಕೆ? ನಿನ್ ಬಾಗ್ಲು ಯಾವತ್ತೋ ಮುಚ್ಚೋಗಿದೆ!" ಅಂತ ಮುನಿಸ್ವಾಮಿ ನಕ್ಕ.

"ಮುಚ್ಕೊಂಡು ಬೋಳ್ಸೋ ಮುಂಡೇದೆ! ನನ್ ಮೊಮ್ಮಕ್ಕಳ್ನ ನೋಡಿ ನಗೋರು ಮೊದ್ಲು ನನ್ನ ನೋಡಿ ನಗ್ಲಿ."

ಆ ಸಂಜೆ ಮೈದಾನದಲ್ಲಿ ಆದದ್ದನ್ನು ಊರು ಈಗಲೂ ಮಾತಾಡಿಕೊಳ್ಳುತ್ತದೆ. ಬೋಳುತಲೆಯ ಹುಡುಗಿಯರ ದಂಡು ಬಿಸಿಲಲ್ಲಿ ಹಿತ್ತಾಳೆ ಬಿಂದಿಗೆಗಳ ಹಾಗೆ ಫಳಫಳಿಸುತ್ತ ಖೊಖೊ ಆಡಿತು. 'ಅವಸರದ ಕೇರಿ' ಅಂತ ಕೂಗಲು ಬಂದಿದ್ದ ಪಕ್ಕದ ಬೀದಿಯವರು ಬಾಯಿ ತೆರೆದುಕೊಂಡೇ ನಿಂತರು. ಹಿಡಿಯಲು ಜಡೆಯೇ ಇಲ್ಲ. ಆವತ್ತು ನಮ್ಮವರನ್ನು ಔಟ್ ಮಾಡಲು ಯಾರಿಂದಲೂ ಆಗಲಿಲ್ಲ.

ಗೆದ್ದೆವು ಅನ್ನಲು ಇನ್ನೂ ಹೊತ್ತಿತ್ತು. ವಾರವಾರ ಹೋಗಿ ಸಿಂಚನಾಳ ಕಡ್ಡಿ ತೆಗೆಯುತ್ತಿದ್ದೆ. ಮೊದಲ ವಾರ ಐದು. ಎರಡನೇ ವಾರ ನಾಲ್ಕು. ಮಾದೇವಿ ಅನ್ನ ಬಿಟ್ಟಳು. ಮೇಡಂ ಇಂಜೆಕ್ಷನ್ ತರಿಸಿ ಫ್ರಿಜ್ಜಿನಲ್ಲಿಟ್ಟರು. ಮೂರನೇ ವಾರ ನಾಲ್ಕು. ನಾಲ್ಕನೇ ವಾರವೂ ನಾಲ್ಕು. ಇಳಿಯಲಿಲ್ಲ, ಏರಲೂ ಇಲ್ಲ, ಬಾವಿಗೆ ಇಳಿಬಿಟ್ಟ ಕೊಡ ಹಗ್ಗದಲ್ಲಿ ನಿಂತ ಹಾಗೆ ನಿಂತಿತು.

ಐದನೇ ವಾರ ಡಬ್ಬಿ ನೋಡಲು ನನಗೇ ಧೈರ್ಯವಿಲ್ಲದೆ ಮಾದೇಶಿಯ ಕೈಗೆ ಕೊಟ್ಟೆ. ಅವಳು ಓದಿದಳು. "ಏಳು."

"ಸರಿಯಾಗ್ ನೋಡೇ!"

"ಏಳು ಅಂದ್ನಲ್ಲ! ನಂಗ್ ಏಳು ಓದಕ್ ಬರಲ್ವಾ?"

ಮಾದೇವಿ ಆವತ್ತು ಆಮೇಲೆ ಅಳುವೆಯಂತೆ ಅಂತ ಅತ್ತೆ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತು ಮುಗಿಸಿದಳು. ಆಮೇಲೆ ಹನ್ನೆರಡು, ಹತ್ತೊಂಬತ್ತು, ಮೂವತ್ತು, ಐವತ್ತು. ಅವಳ ಜೊತೆ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಮಾದೇಶಿಯ ನಂಬರೂ ನಲವತ್ತೊಂದರಿಂದ ಐವತ್ತರ ಹತ್ತಿರಕ್ಕೆ ಏರಿತು. ಬಾಗಿಲ ಒಳಗಿನವರು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದರು. ಇಂಜೆಕ್ಷನ್ ಫ್ರಿಜ್ಜಿನಲ್ಲೇ ಉಳಿಯಿತು. ಒಂದು ಮಧ್ಯಾಹ್ನ ಕೇಂದ್ರದಲ್ಲಿ ನಾನೂ ಮೇಡಮ್ಮೂ ಚಹಾ ಕುಡಿಯುತ್ತ ಕೂತಿದ್ದಾಗ ಗೋಡೆಯ ಮೇಲಿನ ಕೆಂಪು ಚುಕ್ಕಿ ಎರಡು ಸಲ ಮಿಣಕ್ ಮಿಣಕ್ ಅಂದು ಹಸಿರಾಯಿತು. ಮೇಡಂ ಲೋಟ ಕೆಳಗಿಟ್ಟು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು.

ಕೇರಿಯ ಹೆಂಗಸರು ಸುಮ್ಮನೆ ಕೂರಲಿಲ್ಲ. ಎಲ್ಲ ಟ್ರೇಗಳನ್ನೂ ಹೊತ್ತುಕೊಂಡು ಹೋಗಿ ಕಾರ್ಖಾನೆಯ ಗೇಟಿಗೆ ಆಳೆತ್ತರ ಪೇರಿಸಿ ಬಂದರು. "ನಿಮ್ ಹಜಾರ ತೆಗೀರಿ, ಎಣ್ಣೆ ಬದಲಾಯ್ಸಿ. ಅಲ್ಲೀವರ್ಗೂ ಒಂದ್ ಬತ್ತೀನೂ ಅದ್ದಲ್ಲ." ಹದಿನೇಳು ದಿನಕ್ಕೆ ಹಜಾರ ತೆಗೆಯಿತು. ವರ್ಷದೊಳಗೆ ಆ ಎಣ್ಣೆಯನ್ನು ನಾಡಿನಲ್ಲೆಲ್ಲೂ ಬಳಸಕೂಡದು ಅಂತ ಆಜ್ಞೆಯಾಯಿತು. ಕೇಂದ್ರದ ಪ್ರಶ್ನೆಪಟ್ಟಿಯಲ್ಲೂ ಹದಿನಾಲ್ಕನೇ ಪ್ರಶ್ನೆ ಬದಲಾಗಿದೆ. 'ಕೆಲಸ ಮುಗಿದ ಮೇಲೆ ಕೈಯಲ್ಲಿ ಉಳಿದದ್ದನ್ನು ಎಲ್ಲಿಗೆ ಒರೆಸುತ್ತೀರಿ?' ಬೇರೆ ಊರಿನ ಕೇಂದ್ರಗಳಲ್ಲೂ ಈಗ ಅದನ್ನು ಕೇಳುತ್ತಾರೆ. ದೇವೀರಮ್ಮನ ಪ್ರಶ್ನೆ ಅಂತ ಕರೆಯುತ್ತಾರಂತೆ. ಎಂಟನೇ ಕ್ಲಾಸಿಗೆ ಅಷ್ಟು ಸಾಕು.

ಇಷ್ಟೆಲ್ಲ ಯಾಕೆ ನೆನಪಾಯಿತು ಅಂದರೆ, ಮೊನ್ನೆ ಶುಕ್ರವಾರ ಸಿಂಚನಾಳ ಆರತಿಯಿತ್ತು. ಮಾದೇಶಿಯದು ಹಿಂದಿನ ತಿಂಗಳೇ ಸೋದರಮಾವನ ಊರಿನಲ್ಲಿ ಮುಗಿದಿತ್ತು, ಜವರಮ್ಮನಿಗೂ ನನಗೂ ಹೋಗಲಾಗಿರಲಿಲ್ಲ. "ಈಗ ಯಾರ ನಂಬರ್ ಜಾಸ್ತಿ?" ಅಂತ ಸಿಂಚನಾ ಇಡೀ ತಿಂಗಳು ತಂಗಿಯನ್ನು ರೇಗಿಸಿ ಸೇಡು ತೀರಿಸಿಕೊಂಡಿದ್ದಳು. ಸೋದರಮಾವ ಸೀರೆ ತಂದಿದ್ದ, ಚಿಗಳಿ ಉಂಡೆಯಾಗಿತ್ತು, ಹಸೆ ಹಾಸಿತ್ತು. ಹುಡುಗಿಯೇ ಇಲ್ಲ!

"ಎಲ್ಲೇ ಅವಳು?" ಅಂದೆ.

"ಇನ್ನೆಲ್ಲಿ, ಮೈದಾನ. ನಾಳೆ ಜಿಲ್ಲೆ ಮ್ಯಾಚಂತೆ" ಅಂದಳು ಮಾದೇವಿ. "ದೊಡ್ಡವಳಾದ್ರೆ ಕಳ್ಸಲ್ಲ ಅಂದಿದ್ದೆ ಒಂದ್ ಕಾಲ್ದಲ್ಲಿ. ಯಾವ್ ಬಾಯಲ್ ಹೇಳ್ಲಿ ಈಗ? ಇವಳ ಓಟ ಉಳಿಸ್ಬೇಕು ಅಂತ ತಾನೇ ಕೇರಿಯೆಲ್ಲ ತಲೆ ಬೋಳ್ಸಿದ್ದು!"

ಅಷ್ಟರಲ್ಲಿ ಬಂದಳು, ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು. ಅಮ್ಮನಿಗಿಂತ ಗೇಣು ಎತ್ತರ. ಬಾಗಿಲ ಚೌಕಟ್ಟಿಗೆ ತಲೆ ತಗಲೀತು ಅಂತ ಬಗ್ಗಿ ಒಳಗೆ ಬಂದಳು. ಬಗ್ಗಬೇಕಾಗೇನೂ ಇರಲಿಲ್ಲ, ಜಂಬ! ಕೈಕಾಲು ತೊಳೆಸಿ, ಸೀರೆ ಉಡಿಸಿ, ಹಸೆಯ ಮೇಲೆ ಕೂರಿಸಿದೆವು.

ಜವರಮ್ಮನಿಗೆ ಈಗ ಕಣ್ಣು ಪೂರಾ ಮಂಜು. ಹರಿವಾಣದ ಅಂಚನ್ನು ಬೆರಳಲ್ಲಿ ತಡವುತ್ತ ತಾನೇ ಒಂದೊಂದು ಬತ್ತಿ ಇಟ್ಟಳು, ಹಚ್ಚುವ ಕೆಲಸ ನನಗೆ ಕೊಟ್ಟಳು. "ಜೋರಾಗ್ ಎಣಿಸ್ಕೊಂಡ್ ಹಚ್ಚು ದೇವೀರಿ."

ಒಂದು, ಎರಡು, ಮೂರು. ಎಂಟರವರೆಗೆ ಬಂದೆ. ಎಂಟಕ್ಕೆ ನನ್ನ ಕೈ ತಾನಾಗಿ ನಿಂತುಬಿಟ್ಟಿತು. ಎಷ್ಟು ಆರತಿಯಲ್ಲಿ ಎಂಟಕ್ಕೇ ನಿಂತುಹೋದ ಎಣಿಕೆ ಅದು!

"ಯಾಕೇ ನಿಂತೆ? ಇನ್ನೂ ಇದೆ, ಎಣಿಸು" ಅಂದಳು ಅಜ್ಜಿ.

ಒಂಬತ್ತು. ಹತ್ತು. ನೆರೆದಿದ್ದ ಹುಡುಗಿಯರೂ ದನಿ ಕೂಡಿಸಿದರು. ಹನ್ನೊಂದು. ಹನ್ನೆರಡು. ಮಾದೇವಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಹದಿಮೂರು!

ಜವರಮ್ಮ ಹರಿವಾಣ ಎತ್ತಿದಳು. ಅದು ಯಾವ ಕಡೆಗೂ ವಾಲಲಿಲ್ಲ. ಕಾಣದ ಕಣ್ಣು ಅರಳಿಸಿ ಅದನ್ನು ತನ್ನ ಮುಖದ ಹತ್ತಿರಕ್ಕೆ ತಂದುಕೊಂಡಳು, ಒಂದು ಗಳಿಗೆ ಹಾಗೇ ಹಿಡಿದಳು. "ಬಿಸಿ ತಾಗ್ತದೆ ಕಣ್ರೇ ಕೆನ್ನೆಗೆ" ಅಂದಳು. "ಎಷ್ಟ್ ವರ್ಷ ಆಗಿತ್ತು!"

ಆಮೇಲೆ ಗಂಟಲು ಸರಿಮಾಡಿಕೊಂಡು ಹಾಡಲು ತೊಡಗಿದಳು.